ಪಾದ್ರಿ ಬರೆಯದೆ ಬಿಟ್ಟದ್ದು

2006ರ ಮಾರ್ಚ್ ಐದು, ಭಾನುವಾರ, ನಾನು ಮೊದಲ ಸಲ, ಪೆಸಿಫಿಕ್ ದಡದ ಈ ಪರದೇಶದ ಊರಿನ ಇನ್ನೊಂದು ತುದಿಗಿರುವ ಆಲ್ಬನಿಯ ಆ ಮನೆಗೆ ಹೋದೆ. ಡೈರಿಯಲ್ಲಿ ಅವತ್ತಿನದು ಇಷ್ಟೇ: ‘ಪಾಪಟೋಟೊಯಿಯಿಂದ ರೈಲು, ಬಸ್ಸು, ನಡಿಗೆ ಸೇರಿ ಎರಡು ಗಂಟೆ ಹತ್ತು ನಿಮಿಷ. ಕಾಲು ನೋವು. ಜಾರು ನಾಲ್ಕು.’

ಕಾಲು ನೋವು ಆ ವರ್ಷದ ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಇದೆ. ನಾನು ವಿಮಾನ ನಿಲ್ದಾಣದ ಹತ್ತಿರ, ವಿಮಾನಗಳಿಗೆ ಊಟ ತುಂಬಿಕೊಡುವ ಅಡುಗೆಮನೆಯೊಂದರಲ್ಲಿ ಕೆಲಸಕ್ಕಿದ್ದೆ. ಬೆಳಗಿನ ನಾಲ್ಕಕ್ಕೆ ಪಾಳಿ ಶುರು. ಗಂಬೂಟು ಹಾಕಿಕೊಂಡು, ಒದ್ದೆ ನೆಲದ ಮೇಲೆ ಮಧ್ಯಾಹ್ನದವರೆಗೆ ನಿಂತು, ಟ್ರೇಗಳಲ್ಲಿ ಬನ್ನು, ಬೆಣ್ಣೆ, ಹಣ್ಣಿನ ಬಟ್ಟಲು ಜೋಡಿಸುವುದು. ವಾರದಲ್ಲಿ ಐದು ದಿನ, ಕೆಲವೊಮ್ಮೆ ಆರು. ಮನೆಗೆ ಬಂದು ಸ್ನಾನ ಮಾಡಿ ಪಿಟೀಲು ಕೈಗೆತ್ತಿಕೊಳ್ಳುವ ಹೊತ್ತಿಗೆ ಮೈಯಲ್ಲಿ ಉಳಿದಿರುತ್ತಿದ್ದದ್ದು ಶಿಸ್ತು ಒಂದೇ.

ಜಾರು ಎಂದರೆ ತಂತಿಯ ಮೇಲೆ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ, ಮೇಲೆತ್ತದೆ, ಸರಿದುಕೊಂಡೇ ಹೋಗುವುದು. ಎಂಟನೇ ವಯಸ್ಸಿನಿಂದ ಹನ್ನೆರಡು ವರ್ಷ ಮೈಸೂರಿನಲ್ಲಿ ನಮ್ಮ ಮೇಷ್ಟ್ರು ನನಗೆ ಕಲಿಸಿದ್ದೇ ಅದನ್ನು. ನಮ್ಮಲ್ಲಿ ಸ್ವರ ಒಂದು ಚುಕ್ಕಿಯಲ್ಲ; ಅದಕ್ಕೆ ಬರುವ ದಾರಿ, ಅಲ್ಲಿ ನಿಂತಾಗಿನ ತುಯ್ತ, ಬಿಡುವಾಗಿನ ಇಳಿಜಾರು, ಇವೆಲ್ಲ ಸೇರಿ ಒಂದು ಸ್ವರ. ಹಾಗೆ ಬೆರಳು ಓಡಾಡಲಿ ಎಂದೇ ನಾವು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿನ ಹತ್ತಿರ ಊರಿಕೊಳ್ಳುತ್ತೇವೆ. ವಾದ್ಯದ ಭಾರ ಕಾಲು ಹೊರುತ್ತದೆ, ಎಡಗೈ ಖಾಲಿ.

2005ರಲ್ಲಿ ನಾನು ಹವ್ಯಾಸಿಗಳ ಒಂದು ವಾದ್ಯವೃಂದಕ್ಕೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಒಳ್ಳೆಯ ಮನುಷ್ಯ. ಮೂರನೇ ವಾರ ಪಕ್ಕಕ್ಕೆ ಕರೆದು ಹೇಳಿದರು: “ನಿನ್ನ ಸ್ವರಗಳು ಚೆನ್ನಾಗಿವೆ. ಆದ್ರೆ ಒಂದೂ ಮನೇಲಿ ಕೂರಲ್ಲ, ಬೀದಿ ಸುತ್ತುತ್ವೆ. ಸ್ವಲ್ಪ ಮನೇಲಿ ಕೂರಿಸ್ತೀಯಾ?”

ಕೂರಿಸಿದೆ. ನಿಂತು ನುಡಿಸುವುದನ್ನು ಕಲಿತೆ. ವಾದ್ಯವನ್ನು ಗದ್ದ, ಭುಜ, ಎಡಗೈ ಮೂರೂ ಸೇರಿ ಹಿಡಿಯುವುದನ್ನು ಕಲಿತೆ. ಬೆರಳು ಎಲ್ಲಿ ಬೀಳಬೇಕೋ ಅಲ್ಲಿ ಸಣ್ಣ ಟೇಪು ಅಂಟಿಸಿದೆ. ಪ್ರತಿ ಅಭ್ಯಾಸದಲ್ಲೂ ಬೆರಳು ಎಷ್ಟು ಸಲ ಜಾರಿತೆಂದು ಗೀಟು ಹಾಕಿ, ಡೈರಿಯಲ್ಲಿ ಮೊತ್ತ ಬರೆದೆ. ಶುರುವಿನಲ್ಲಿ ನಲವತ್ತರ ಮೇಲಿತ್ತು. ಡಿಸೆಂಬರಿಗೆ ಒಂಬತ್ತು. ಕಡಿಮೆಯಾಗುವ ಸಂಖ್ಯೆ ನೋಡುವುದರಲ್ಲಿ ಒಂದು ಸಮಾಧಾನವಿತ್ತು, ನುಡಿಸುವುದರಲ್ಲಿ ಇರಲಿಲ್ಲ. ಇಲ್ಲಿ ಡಿಸೆಂಬರಿಗೆ ಬೇಸಿಗೆ; ಆ ಬೇಸಿಗೆಯಲ್ಲಿ ಪಿಟೀಲು ನನಗೆ ಇನ್ನೊಂದು ಪಾಳಿಯಂತೆ ಆಗಿಹೋಯಿತು.

ಪಾಪಟೋಟೊಯಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಆಂಟಿ ಮಂಡ್ಯದ ಕಡೆಯವರು, ಮೇನ್ ರೋಡಿನ ದಿನಸಿ ಅಂಗಡಿಯೊಂದಕ್ಕೆ ಚಪಾತಿ ಮಾಡಿ ಕೊಡುತ್ತಿದ್ದರು. ಆಗಸ್ಟಿನಲ್ಲಿ ಊರಿಗೆ ಹೋಗುವವರಿದ್ದರು. ಫೆಬ್ರವರಿಯಲ್ಲೊಂದು ದಿನ ನಾನು ಅವರಿಗೆ ಹೇಳಿದೆ: ಪಿಟೀಲನ್ನು ಬಹುಶಃ ನಿಮ್ಮ ಕೈಲೇ ಮೈಸೂರಿಗೆ ಕಳಿಸುತ್ತೇನೆ, ಮೇಷ್ಟ್ರಿಗೆ ಕೊಟ್ಟುಬಿಡಿ, ಕಲಿಯುವ ಇನ್ಯಾರಿಗಾದರೂ ಆಗುತ್ತದೆ.

ಆಂಟಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದರು. “ಯಾಕಮ್ಮೀ? ಕೆಟ್ಟೋಯ್ತಾ?”

“ಅದಲ್ಲ ಆಂಟಿ. ನಂಗೇ ಸುಸ್ತಾಗಿದೆ.”

“ಸುಸ್ತಾದ್ರೆ ಮನ್ಕೋಬೇಕು. ಪಿಟೀಲ್ ಏನ್ ಮಾಡ್ತು ನಿಂಗೆ?” ಆಮೇಲೆ, “ಆಗ್ಲಿ. ಆಗಸ್ಟ್ ಗಂಟ ಟೈಮ್ ಅದೆ. ಯೋಚ್ನೆ ಮಾಡಿ ಹೇಳು. ಕೊನೇ ಗಳಿಗೇಲಿ ತಂದಿಕ್ಬೇಡ, ನಂದೂ ಸಾಮಾನದೆ.”

ಆ ವಾರವೇ ವಾದ್ಯವೃಂದದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ಹಳೆಯ ಸಂಗೀತ ನುಡಿಸಲು ಪಿಟೀಲಿನವರು ಬೇಕು, ಜುಲೈನಲ್ಲಿ ಒಂದು ಸಣ್ಣ ಕಛೇರಿ, ತಾಳ್ಮೆ ಇರುವವರು ಮಾತ್ರ ಫೋನ್ ಮಾಡಿ. ಇದೊಂದನ್ನು ನೋಡಿಬಿಡೋಣ, ಇದಾದ ಮೇಲೂ ದಣಿವು ಮಾತ್ರ ಉಳಿದರೆ ಪಿಟೀಲು ಊರಿಗೆ ಹೋಗಲಿ ಎಂದು ಡೈರಿಯಲ್ಲಿ ಬರೆದುಕೊಂಡೆ.

ಚೀಟಿ ಹಾಕಿದ್ದವರು ಎಪ್ಪತ್ತು ದಾಟಿದ ಹೆಂಗಸು, ನಿವೃತ್ತ ಪಿಯಾನೊ ಟೀಚರು. ಅವರ ಮುಂದಿನ ಕೋಣೆಯಲ್ಲಿ ಹಾರ್ಪ್ಸಿಕಾರ್ಡ್ ಇತ್ತು. ನೋಡಲು ಪಿಯಾನೊದ ತೆಳ್ಳಗಿನ ತಂಗಿಯಂತೆ. ಒತ್ತಿದರೆ ಒಳಗೆ ತಂತಿಯನ್ನು ಸುತ್ತಿಗೆ ಹೊಡೆಯುವ ಬದಲು ಕೊಕ್ಕಿನಂಥದ್ದೊಂದು ಮೀಟುತ್ತದೆ. ತೀರಿಹೋದ ಗಂಡ ಬಿಡಿಭಾಗ ತರಿಸಿ ಗ್ಯಾರೇಜಿನಲ್ಲಿ ಕೂತು ಜೋಡಿಸಿದ್ದಂತೆ. ಆಳೆತ್ತರದ ಪಿಟೀಲಿನಂಥ ಚೆಲ್ಲೊ ನುಡಿಸುವವರು ಒಬ್ಬ ನಿವೃತ್ತ ದನದ ಡಾಕ್ಟರು. ಅವರದೊಂದು ಯೂಟು, ಹಿಂದೆ ಸಾಮಾನು ಹೇರುವ ತೆರೆದ ಗಾಡಿ; ಅದರಲ್ಲಿ ಮುಂದಿನ ಸೀಟು ಚೆಲ್ಲೊಗೆ ಮೀಸಲು, ಬೆಲ್ಟು ಸಹ ಹಾಕಿರುತ್ತಿದ್ದರು. ರಿಹರ್ಸಲ್ ಮುಗಿಸಿ ನನ್ನನ್ನು ಬಸ್ಸಿಗೆ ಬಿಡುವಾಗ ನಾನು ಇಬ್ಬರ ಮಧ್ಯೆ ಮುದುಡಿ ಕೂರಬೇಕು.

“ಇವಳಿಗೆ ಕಾರಲ್ಲಿ ಹೊಟ್ಟೆ ತೊಳಸುತ್ತೆ,” ಎಂದರು ಮೊದಲ ದಿನ, ಚೆಲ್ಲೊ ತೋರಿಸಿ. “ಕಿಟಕಿ ಹತ್ತಿರವೇ ಕೂರಬೇಕು.”

ನಾವು ನುಡಿಸಬೇಕಿದ್ದದ್ದು ಇಟಲಿಯ ಒಬ್ಬ ಪಾದ್ರಿ ಬರೆದ ಸೊನಾಟಗಳಲ್ಲಿ ಒಂದು, ವೇಗದ್ದು, ನಿಧಾನದ್ದು ಎಂದು ಭಾಗಗಳಿರುವ ಕೃತಿ. ಕೈಬರಹದ ಮೂಲ ಬೀಜಿಂಗಿನ ಗ್ರಂಥಾಲಯವೊಂದರಲ್ಲಿದೆಯಂತೆ. ಇವರ ಹತ್ತಿರ ಇದ್ದದ್ದು ಜೆರಾಕ್ಸಿನ ಜೆರಾಕ್ಸು. ಚಹಾದ ಹೊತ್ತಿನಲ್ಲಿ ಟೀಚರು ಆತನ ಕಥೆ ಹೇಳುತ್ತಿದ್ದರು, ವಾರಕ್ಕೊಂದು ತುಣುಕು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆತ ರೋಮಿನಿಂದ ಹೊರಟ. ಚೀನಾದ ಚಕ್ರವರ್ತಿಯ ಆಸ್ಥಾನಕ್ಕೆ. ಪೂರ್ವಕ್ಕೆ ಹೋಗಬೇಕಾದವನು ಹಡಗು ಸಿಗದೆ ಪಶ್ಚಿಮಕ್ಕೆ ಹೋಗಿ, ದಕ್ಷಿಣ ಅಮೆರಿಕ ಬಳಸಿ, ಇದೇ ನಮ್ಮ ಪೆಸಿಫಿಕ್ ದಾಟಿ, ಫಿಲಿಪ್ಪೀನ್ಸಿನಲ್ಲಿ ತಡೆದು, ಬೀಜಿಂಗ್ ಮುಟ್ಟುವಾಗ ಎಂಟೊಂಬತ್ತು ವರ್ಷ ಕಳೆದಿದ್ದವು. ಚಕ್ರವರ್ತಿಗೆ ಪಾಶ್ಚಾತ್ಯ ವಾದ್ಯಗಳ ಮೇಲೆ ಕುತೂಹಲ. ಅರಮನೆಯಲ್ಲಿ ಕಾಣಿಕೆಯಾಗಿ ಬಂದ ಹಾರ್ಪ್ಸಿಕಾರ್ಡುಗಳು ಶ್ರುತಿ ತಪ್ಪಿ ಬಿದ್ದಿದ್ದವು. ಪಾದ್ರಿ ಅವುಗಳನ್ನು ರಿಪೇರಿ ಮಾಡಿದ, ಶ್ರುತಿ ಮಾಡಿದ, ರಾಜಕುಮಾರರಿಗೆ ಪಾಠ ಹೇಳಿದ. ನಡುವೆ ಅವಕೃಪೆಗೆ ಸಿಕ್ಕಿ ಒಂದಷ್ಟು ಕಾಲ ಬಂಧನದಲ್ಲೂ ಇದ್ದ. ಮೂವತ್ತು ಚಿಲ್ಲರೆ ವರ್ಷ ಅಲ್ಲೇ ಕಳೆದು ಅಲ್ಲೇ ತೀರಿಕೊಂಡ. ವಾಪಸ್ಸು ಹೋಗಲೇ ಇಲ್ಲ.

ಇದನ್ನು ನಾನು ಆಂಟಿಗೆ ಹೇಳಿದೆ, ಮಾರ್ಚ್ ಹತ್ತೊಂಬತ್ತರಂದು, ಬಟಾಣಿ ಬಿಡಿಸುತ್ತಾ.

“ದಾರೀಲೇ ಒಂಬತ್ತು ವರ್ಸ್ವಾ? ವೀಸಾ ಪ್ರಾಬ್ಲಮ್ಮಾ?”

“ಹಡಗು ಸಿಗ್ಲಿಲ್ಲ ಆಂಟಿ.”

“ಅಲ್ಲಿ ಊಟಕ್ಕೇನ್ ಮಾಡ್ತಿದ್ನಂತೆ?”

“ಅದು ಬರ್ದಿಲ್ಲ.”

“ಮುಖ್ಯವಾದ್ದೇ ಬರ್ಯಲ್ಲ ಇವ್ರು.” ಒಂದು ಹಿಡಿ ಬಟಾಣಿ ಬಟ್ಟಲಿಗೆ ಹಾಕಿದರು. “ಅವನೇನೋ ರಾಜ ಇಟ್ಕಂಡ ಅಂತ ಉಳ್ಕಂಡ. ನಮ್ಮುನ್ನ ಯಾರಮ್ಮೀ ಹಿಡ್ಕಂಡವ್ರೆ?”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ನಾನು ಎದ್ದು ಸಿಪ್ಪೆಯ ರಾಶಿಯನ್ನು ಬುಟ್ಟಿಗೆ ಹಾಕಿದೆ.

ಸೊನಾಟ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ಚೀನಾವನ್ನು. ಇಷ್ಟು ವರ್ಷ ಆ ಆಸ್ಥಾನದಲ್ಲಿದ್ದವನು, ದಿನಾ ಅಲ್ಲಿನ ಕೊಳಲು ಗಂಟೆ ಕೇಳಿದವನು, ಎಲ್ಲಾದರೂ ಒಂದು ಸಾಲಿನಲ್ಲಿ ಅದರ ಸುಳಿವು ಬಿಟ್ಟಿರಬೇಕಲ್ಲ. ನಾಲ್ಕು ವಾರ ನೋಡಿದೆ. ಇರಲಿಲ್ಲ. ಆತ ಬೀಜಿಂಗಿನಲ್ಲಿ ಕೂತು ಅಚ್ಚುಕಟ್ಟಾಗಿ ರೋಮಿನ ಸಂಗೀತ ಬರೆದಿದ್ದ.

“ಎಲ್ಲರೂ ಅದನ್ನೇ ಕೇಳ್ತಾರೆ,” ಎಂದರು ಟೀಚರು. “ಕಛೇರಿಗೆ ಬರೋರಿಗೆ ಎಲ್ಲಾದ್ರೂ ಒಂದು ಚೀನಾದ ಜಾಗಟೆ ಬೇಕು.”

ವೇಗದ ಭಾಗಗಳು ಬೇಗ ಹಿಡಿತಕ್ಕೆ ಬಂದವು. ಇವರ ಹಾರ್ಪ್ಸಿಕಾರ್ಡ್ ಈಗಿನ ವಾದ್ಯಗಳಿಗಿಂತ ಅರ್ಧ ಸ್ವರ ಕೆಳಗಿತ್ತು, ಹಳೆಯ ಪದ್ಧತಿಯಂತೆ. ಹಿಂದೆ ಬಂದಿದ್ದ ಪಿಟೀಲಿನ ಹುಡುಗನೊಬ್ಬ ಅದಕ್ಕೇ ತಲೆನೋವೆಂದು ಬಿಟ್ಟುಹೋಗಿದ್ದನಂತೆ. ನನಗೆ ಅದು ಏನೂ ಅಲ್ಲ. ಹಾಡುವವರ ಗಂಟಲಿಗೆ ತಕ್ಕಂತೆ ಶ್ರುತಿ ಏರಿಸಿ ಇಳಿಸಿಯೇ ನಾವು ಬೆಳೆದದ್ದು. “ಎಲ್ಲಿಗೆ ಇಳಿಸಲಿ?” ಎಂದು ಕೇಳಿ ಬಿರಡೆ ತಿರುಗಿಸಿದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಅದೊಂದು ದಿನ ನಾನು ಹೆಮ್ಮೆಯಿಂದ ಬಸ್ಸು ಹತ್ತಿದೆ.

ಮೇ ಏಳರಂದು ನಿಧಾನದ ಭಾಗ ತೆಗೆದುಕೊಂಡೆವು. ಒಂದೇ ಪುಟ. ಉದ್ದುದ್ದ ಸ್ವರಗಳು, ಒಂದಕ್ಕೊಂದು ದೂರ ದೂರ, ಬೇಲಿಯ ಗೂಟಗಳ ಹಾಗೆ. ನಾನು ಅದನ್ನು ಎರಡು ವಾರದಿಂದ ತಯಾರು ಮಾಡಿದ್ದೆ. ಬೆರಳು ಟೇಪಿನ ಮೇಲೆ, ಕಮಾನು ನೇರ, ಪ್ರತಿ ಸ್ವರವೂ ಮನೆಯಲ್ಲಿ. ಮುಗಿಸಿದಾಗ ಒಂದೂ ಜಾರಿರಲಿಲ್ಲ. ವರ್ಷದಲ್ಲಿ ಅದೇ ಮೊದಲ ಸೊನ್ನೆ.

ಟೀಚರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹೂಂ. ಈಗ ನುಡಿಸು.”

“ನುಡಿಸಿದೆನಲ್ಲ?”

“ನೀನು ಓದಿದೆ. ಇದನ್ನ ಹೀಗೇ ಯಾರೂ ನುಡಿಸ್ತಿರಲಿಲ್ಲ, ತಾಯಿ. ಇದು ಅಂಗಡಿ ಚೀಟಿ, ಅಡುಗೆಯಲ್ಲ. ನಿಧಾನದ ಭಾಗದಲ್ಲಿ ಅವರು ಬರೀ ಮುಖ್ಯ ಸ್ವರ ಬರೆದು ಬಿಡೋರು. ಮಧ್ಯದ್ದೆಲ್ಲ, ತಿರುವು, ನಡುಕ, ಹತ್ತೋದು ಇಳಿಯೋದು, ನುಡಿಸೋರು ಅಲ್ಲೇ ಕಟ್ಟಿಕೊಳ್ಳಬೇಕು. ನೀನು ಇಂಡಿಯಾದವಳು ಅಂದಾಗ ನಾನು ಖುಷಿ ಪಟ್ಟದ್ದೇ ಅದಕ್ಕೆ. ನಿಮಗಿದು ನೀರು ಕುಡಿದ ಹಾಗಲ್ವಾ?”

ನಾನು ಕಮಾನಿನ ತಿರುಪು ಸಡಿಲಿಸತೊಡಗಿದೆ. ದನದ ಡಾಕ್ಟರು ಚೆಲ್ಲೊದ ಹಿಂದಿನಿಂದ, “ಬಿಸ್ಕತ್ತು ಉಳಿದಿದೆಯಾ?” ಎಂದು ಕೇಳಿದರು. ಅದು ಅವರು ನನಗೆ ಮಾಡಿದ ಉಪಕಾರ.

ಬಸ್ಸಿನಲ್ಲಿ ಇಡೀ ದಾರಿ ನನಗೆ ಮೇಷ್ಟ್ರ ಮಾತು ಬರುತ್ತಿತ್ತು. ನಮ್ಮ ಪಾಠದ ಪುಸ್ತಕಗಳಲ್ಲೂ ಇರುವುದು ಬರೀ ಸರಿಗಮ. ಚಿಕ್ಕವಳಿದ್ದಾಗ ಒಮ್ಮೆ ಪುಸ್ತಕದಲ್ಲಿದ್ದ ಹಾಗೆಯೇ ನುಡಿಸಿ ಒಪ್ಪಿಸಿದ್ದಕ್ಕೆ ಅವರು, “ಪುಸ್ತಕದಲ್ಲಿರೋದು ಹಗ್ಗ ಕಣಮ್ಮ. ಬಟ್ಟೆ ನೀನು ಒಣಹಾಕ್ಬೇಕು,” ಎಂದಿದ್ದರು. ಅದು ನನಗೆ ಗೊತ್ತಿದ್ದ ವಿಷಯ. ಆದರೆ ಬಿಳಿಯರು ಬರೆದದ್ದನ್ನು ಬರೆದ ಹಾಗೆ ನುಡಿಸುವವರು ಎಂದು ನಾನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮವರೆಲ್ಲರ ತೀರ್ಮಾನವೂ ಅದೇ. ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಅವರ ಹಗ್ಗವನ್ನೇ ಬಟ್ಟೆ ಎಂದುಕೊಂಡು ನಾನು ನನ್ನದೆಲ್ಲವನ್ನೂ ತೆಗೆದು ಮಡಿಸಿಟ್ಟಿದ್ದೆ.

ಮತ್ತೆ ಬಿಚ್ಚುವುದು ಸುಲಭವೆಂದುಕೊಂಡೆ. ಆಗಲಿಲ್ಲ. ಮನಸ್ಸಿನಲ್ಲಿ ಜಾರು ಕೇಳಿಸುತ್ತಿತ್ತು; ಬೆರಳು ಟೇಪಿನಿಂದ ಟೇಪಿಗೆ ಹಾರುತ್ತಿತ್ತು. ನಿಂತು ಹಿಡಿದಾಗ ಎಡಗೈ ವಾದ್ಯದ ಭಾರಕ್ಕೆ ಕಾವಲು ನಿಂತಂತೆ ಇರುತ್ತದೆ. ಹೆಬ್ಬೆರಳು ಬಿಗಿದುಕೊಂಡು ಕೈ ಮುಂದೆ ಸರಿಯಲು ಬಿಡುವುದಿಲ್ಲ. ಟೇಪು ಕಿತ್ತೆ. ಅಂಟಿನ ಕಲೆ ಉಳಿಯಿತು, ಬೆರಳು ಆ ಕಲೆಯನ್ನೇ ಹುಡುಕಿಕೊಂಡು ಹೋಯಿತು. ಕೊನೆಗೆ ನನಗೆ ಗೊತ್ತಿದ್ದ ದಾರಿ ಹಿಡಿದೆ: ಕೂತು ಬರೆದೆ. ಯಾವ ಸ್ವರದ ಮುಂದೆ ಎಷ್ಟು ಸಣ್ಣ ಸ್ವರ, ಎಲ್ಲಿ ನಡುಕ, ಎಲ್ಲಿ ತಿರುವು. ಏಳು ಬೇರೆ ಬೇರೆ ನಮೂನೆ ಬರೆದು ಜೂನ್ ಹದಿನೆಂಟರಂದು ಆಲ್ಬನಿಗೆ ಒಯ್ದೆ.

ಟೀಚರು ಏಳನ್ನೂ ಕೇಳಿದರು. “ಮೂರನೇದು ಪರವಾಗಿಲ್ಲ,” ಎಂದರು. ಆಮೇಲೆ ಕನ್ನಡಕ ತೆಗೆದು, “ಇನ್ನೊಂದು ತಿಂಗಳಿದೆ. ಬರಲಿಲ್ಲ ಅಂದ್ರೆ ಈ ಭಾಗ ಬಿಟ್ಟುಬಿಡೋಣ. ವೇಗದ್ದು ಮಾತ್ರ ನುಡಿಸಿ ಮುಗಿಸೋಣ. ಯಾರಿಗೂ ಗೊತ್ತಾಗಲ್ಲ,” ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅವತ್ತು ಯೂಟಿನಲ್ಲಿ ದನದ ಡಾಕ್ಟರಿಗೆ ನಾನು ಒಂದು ಪ್ರಶ್ನೆ ಕೇಳಿದೆ. ಆ ಪಾದ್ರಿ ಬರೆದದ್ದೆಲ್ಲ ರೋಮಿನದೇ. ಆದರೆ ನುಡಿಸುವಾಗ? ಇಪ್ಪತ್ತು, ಮೂವತ್ತು ವರ್ಷ ಆದ ಮೇಲೆ, ಈ ಉದ್ದ ಸ್ವರಗಳ ಮಧ್ಯೆ ಆತನ ಕೈ ಕಟ್ಟುತ್ತಿದ್ದದ್ದು ಯಾವ ಊರಿನದು?

ಅವರು ಗೇರು ಬದಲಿಸಿದರು. “ಅದು ಅವನ ಜೊತೆ ಮಣ್ಣಾಯ್ತು,” ಎಂದರು ರೌಂಡ್‌ಅಬೌಟಿನ ಹತ್ತಿರ. “ಬರೆದಿಡಬೇಕು ಅಂತ ಅವನಿಗೆ ಹೊಳೆದಿರಲ್ಲ. ಕೈಗೆ ಏನಾಗ್ತಿದೆ ಅಂತ ಕೈಯೋನಿಗೇ ಗೊತ್ತಿರಲ್ಲ. ನಾನು ನಲವತ್ತು ವರ್ಷ ಹಸು ನೋಡಿದೋನು. ಈಗ ಈ ಚೆಲ್ಲೊ ಮುಟ್ಟಿದ್ರೂ ಮೊದಲು ಹೊಟ್ಟೆ ತಟ್ಟಿ ನೋಡ್ತೀನಿ.”

ಜುಲೈ ಇಪ್ಪತ್ತಮೂರು, ಭಾನುವಾರ, ಮಧ್ಯಾಹ್ನ ಎರಡಕ್ಕೆ ಕಛೇರಿ. ಭಾನುವಾರ ನನಗೆ ರಜೆ. ಆದರೆ ಆ ವಾರ ಇಬ್ಬರಿಗೆ ಫ್ಲೂ ಬಂದು ನನ್ನನ್ನು ಪಾಳಿಗೆ ಹಾಕಿದರು. ನಾಲ್ಕರಿಂದ ಹನ್ನೆರಡರವರೆಗೆ ನಿಂತೆ. ದನದ ಡಾಕ್ಟರು ಅಡುಗೆಮನೆಯ ಗೇಟಿನ ಹತ್ತಿರವೇ ಯೂಟು ತಂದಿದ್ದರು. ಒಳಗೇ ಬಟ್ಟೆ ಬದಲಿಸಿ, ಕಪ್ಪು ಚೂಡಿದಾರದಲ್ಲಿ ಚೆಲ್ಲೊ ಪಕ್ಕ ಮುದುಡಿ ಕೂತೆ. ದಾರಿಯಲ್ಲಿ ಆಂಟಿ ಕಟ್ಟಿಕೊಟ್ಟಿದ್ದ ಚಪಾತಿ ಪಲ್ಯ ಇಬ್ಬರೂ ತಿಂದೆವು. ನಿಧಾನದ ಭಾಗ ಇರಲಿ ಎಂದು ಟೀಚರು ಹಿಂದಿನ ವಾರ ಒಪ್ಪಿದ್ದರು, ನನ್ನ ಮೂರನೇ ನಮೂನೆಯ ಭರವಸೆಯ ಮೇಲೆ.

ಹಳೆಯ ಮರದ ಚರ್ಚು. ಕೇಳಲು ಬಂದವರು ಇಪ್ಪತ್ತಾರು ಜನ, ಜುಲೈ ಚಳಿಗೆ ಕೋಟು ಬಿಚ್ಚದೆ ಕೂತಿದ್ದರು. ಮೊದಲ ವೇಗದ ಭಾಗ ಮುಗಿಯುವ ಹೊತ್ತಿಗೆ ನನ್ನ ಪಾದಗಳು ನನ್ನವಲ್ಲ ಎನ್ನುವಂತಾಗಿದ್ದವು. ಹಿಮ್ಮಡಿಯಿಂದ ನೋವು ಸೊಂಟಕ್ಕೆ ಹತ್ತಿತ್ತು. ಮುಂದಿನದು ಆ ಒಂದು ಪುಟ. ಕಮಾನು ಎತ್ತಿದೆ, ಇಳಿಸಿದೆ.

“ಕೂರಬಹುದಾ?” ಎಂದು ಟೀಚರನ್ನು ಪಿಸುಮಾತಿನಲ್ಲಿ ಕೇಳಿದೆ. ಅವರು ಕುರ್ಚಿಗೆಂದು ಸುತ್ತ ನೋಡಿದರು. ಅಷ್ಟರಲ್ಲಿ ನಾನು ನೆಲಗಂಬಳಿಯ ಮೇಲೆ ಕೂತಾಗಿತ್ತು, ಚಕ್ಕಳಮಕ್ಕಳ, ಬಲಗಾಲು ಮುಂದೆ. ಪಿಟೀಲಿನ ತುದಿ ಹರಡಿನ ಪಕ್ಕ ಬಂದು ಕೂತಿತು. ಒಂದು ವರ್ಷಕ್ಕೂ ಮೇಲಾಗಿತ್ತು ಹಾಗೆ ಹಿಡಿದು.

ಮೊದಲ ಸ್ವರ ಬರೆದ ಹಾಗೆಯೇ ಬಂತು. ಎರಡನೆಯದಕ್ಕೆ ಹೋಗುವಾಗ ಕೈ ಭಾರವಿಲ್ಲದೆ ಸರಿದುಹೋಯಿತು. ನಾನು ಕಳಿಸಿದ್ದಲ್ಲ. ಮೂರನೇ ನಮೂನೆ ನೆನಪಿಗೂ ಬರಲಿಲ್ಲ. ಹಾರ್ಪ್ಸಿಕಾರ್ಡ್ ಒಂದು ಕ್ಷಣ ಕಾಯಿತು. ಚೆಲ್ಲೊ ಕಾಯದೆ ಮುಂದೆ ಹೋಗಿ ಮತ್ತೆ ನಿಂತಿತು. ಸಾಲಿನ ಕೊನೆಯಲ್ಲಿ ಇನ್ನೊಂದು ಜಾರು, ಸಣ್ಣದು. ಪುಟದ ಕೆಳಗಿನ ಉದ್ದ ಸ್ವರದ ಮೇಲೆ ಬೆರಳು ತುಯ್ಯಿತು, ಬಹಳ ಸ್ವಲ್ಪ, ಊರಲ್ಲಿ ತುಯ್ಯುತ್ತಿದ್ದಷ್ಟಲ್ಲ. ಅದು ಮೈಸೂರಿನದೂ ಅಲ್ಲ, ರೋಮಿನದೂ ಅಲ್ಲ. ಯಾರಿಗೂ ರೋಮಾಂಚನ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಮತ್ತೆ ವೇಗದ ಭಾಗಕ್ಕೆ ಏಳಬೇಕಾದಾಗ ಕಾಲು ಜೋಮು ಹಿಡಿದಿತ್ತು; ಹೇಗೋ ಎದ್ದು ನಿಲ್ಲುವಷ್ಟರಲ್ಲಿ ಎರಡು ಆವರ್ತ ನನ್ನನ್ನು ಬಿಟ್ಟೇ ಹೋಗಿದ್ದವು.

ಮುಗಿದ ಮೇಲೆ ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ದನದ ಡಾಕ್ಟರು ಹೇಳಿದರು: “ಚೆಲ್ಲೊ ಅಡ್ಡ ಇತ್ತು, ನೀನು ಕಾಣಿಸಲೇ ಇಲ್ಲ. ತಲೆಸುತ್ತಿ ಬಿದ್ದಳು ಅಂದ್ಕೊಂಡೆ. ಸರಿ, ಬಿದ್ದಲ್ಲಿಂದ್ಲೇ ನುಡಿಸ್ತಿದ್ದಾಳಲ್ಲ ಅಂತ ಮುಂದುವರಿಸಿದೆ.”

ಟೀಚರು ಕಪ್ಪು ತೊಳೆಯುತ್ತಿದ್ದರು. ತಿರುಗದೆ ಹೇಳಿದರು: “ಮೊದಲನೇದು ಜಾಸ್ತಿ ಆಯ್ತು. ಅಷ್ಟು ಹೊತ್ತು ಕಾಯೋಕೆ ನನಗೆ ವಯಸ್ಸಿಲ್ಲ. ಎರಡನೇದು ಇಟ್ಕೋ. ಕೊನೇದು ಏನು ಅಂತ ನನಗೆ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಇನ್ನೊಂದ್ಸಲ ನುಡಿಸು, ನೋಡೋಣ.” ಒಂದು ಕಪ್ಪು ಮಗುಚಿಟ್ಟು, “ಬರುವಾಗ ಚಾಪೆ ತಾ. ನನ್ನ ಕಾರ್ಪೆಟ್ಟಿನ ತುಂಬ ಬೆಕ್ಕಿನ ಕೂದಲಿದೆ.”

ಡೈರಿಯಲ್ಲಿ ಅವತ್ತಿನದು: ‘ಪಾಳಿ ಎಂಟು ಗಂಟೆ. ಜನ ಇಪ್ಪತ್ತಾರು. ಕಾಲು ನೋವು ಬಹಳ. ಜಾರು ಮೂರು.’ ಹಿಂದಿನ ಪುಟಗಳ ಸಂಖ್ಯೆಯಂತೆಯೇ ಕಾಣುತ್ತದೆ. ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಆಗಸ್ಟ್ ಮೊದಲ ವಾರ ಆಂಟಿಯ ಸೂಟ್‌ಕೇಸುಗಳು ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಪಾಳಿ ಮುಗಿಸಿ ಬಂದು ನಾನು ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿದ್ದೆ.

“ಹೇಳಮ್ಮೀ,” ಎಂದರು ಆಂಟಿ, ಕೈಚೀಲ ಎತ್ತಿ ತೂಕ ನೋಡುತ್ತಾ. “ನಿನ್ ಪಿಟೀಲು ಬತ್ತದೋ ಇಲ್ವೋ? ಅದ್ ಬಂದ್ರೆ ನಾನ್ ಕೈಲಿ ಈ ಹಾಲಿನ್ ಪುಡಿ ಇಟ್ಕೊಳಂಗಿಲ್ಲ.”

“ಸುಸ್ತು ಹಾಗೇ ಇದೆ ಆಂಟಿ.”

“ಅದ್ ನಾ ಕೇಳ್ಲಿಲ್ಲ. ಸುಸ್ತು ನಂಗೂ ಅದೆ. ಪಿಟೀಲು ಏನು?”

“ನೀವು ಹಾಲಿನ ಪುಡಿ ತುಂಬ್ಕೊಳಿ.”

ಅವರು ನನ್ನನ್ನೊಮ್ಮೆ ನೋಡಿ, ಮೇಜಿನ ಮೇಲಿಟ್ಟಿದ್ದ ಹಾಲಿನ ಪುಡಿಯ ಪೊಟ್ಟಣಗಳನ್ನು ಒಂದೊಂದಾಗಿ ಕೈಚೀಲಕ್ಕೆ ಇಳಿಸತೊಡಗಿದರು. “ಹಂಗಿದ್ರೆ ಎದ್ದು ಈ ಜಿಪ್ಪು ಹಾಕ್ಕೊಡು ಬಾ,” ಎಂದರು. ನಾನು ಎದ್ದೆ. ಏಳಲು ಸ್ವಲ್ಪ ಹೊತ್ತು ಹಿಡಿಯಿತು.